ಸ್ಟೇಕ್‌ಹೌಸ್‌ನ ವೈನ್ ಲಿಸ್ಟ್ ಅಳೆಯುವುದು ಹೇಗೆ?

ದನದ ಮಾಂಸದ ದಪ್ಪ ತುಂಡು (ಸ್ಟೇಕ್) ಸುಟ್ಟು ಕೊಡುವ ದುಬಾರಿ ಸ್ಟೇಕ್‌ಹೌಸ್‌ಗಳಲ್ಲಿ ಊಟದ ಮೆನು ಒಂದೆರಡು ಹಾಳೆಯಲ್ಲಿ ಮುಗಿಯುತ್ತದೆ. ವೈನ್ ಲಿಸ್ಟ್ ಮಾತ್ರ ದಪ್ಪ ರಟ್ಟಿನ ಪುಸ್ತಕ. ಅದನ್ನು ತೆರೆದ ಕೂಡಲೇ ಬಹಳಷ್ಟು ಜನ ಎಲ್ಲೋ ಕೇಳಿದ ಹೆಸರು ಹುಡುಕುತ್ತಾರೆ. ಸಿಗದಿದ್ದರೆ ಬೆಲೆಯ ಸಾಲಿನಲ್ಲಿ ಕೆಳಗಿನಿಂದ ಎರಡನೆಯದಕ್ಕೆ ಬೆರಳಿಟ್ಟು ಸುಮ್ಮನಾಗುತ್ತಾರೆ. ಬಿಲ್ಲಿನ ದೊಡ್ಡ ಪಾಲು ವೈನಿನದ್ದೇ ಆಗುವ ಜಾಗದಲ್ಲಿ ಇಷ್ಟು ಅವಸರ ಬೇಡ.

ಲಿಸ್ಟ್ ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ವೈನ್ ಪಂಡಿತರೇನೂ ಆಗಬೇಕಿಲ್ಲ. ಅಲ್ಲಿನ ಊಟವನ್ನು ಯಾರಾದರೂ ತಿಂದು ನೋಡಿ, ಅದಕ್ಕೆ ಹೊಂದುವ ಬಾಟಲಿಗಳನ್ನು ಕೂತು ಆರಿಸಿದ್ದಾರಾ? ಅಥವಾ ಡಿಸ್ಟ್ರಿಬ್ಯೂಟರ್ ಕೊಟ್ಟ ಪಟ್ಟಿಗೇ ಚರ್ಮದ ರಟ್ಟು ಹಾಕಿದ್ದಾರಾ? ಇದಿಷ್ಟು ಗೊತ್ತಾದರೆ ಸಾಕು. ತೀರಾ ಅಗ್ಗದ ವೈನ್ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ತೀರಾ ದುಬಾರಿಯದನ್ನು ದುಡ್ಡಿದ್ದವರು ಯಾರು ಬೇಕಾದರೂ ತಂದಿಡಬಹುದು. ಆರಿಸಿದವರ ತಲೆ ಮತ್ತು ನಾಲಿಗೆ ಗೊತ್ತಾಗುವುದು ನಡುವಿನ ಬೆಲೆಯ ಸಾಲುಗಳಲ್ಲಿ.

ಹೋಗುವ ಮೊದಲೇ ಓದಿ

ಲಿಸ್ಟ್ ಆ ಜಾಗದ ವೆಬ್‌ಸೈಟ್‌ನಲ್ಲಿದ್ದರೆ ಮನೆಯಲ್ಲೇ ಓದಿಕೊಳ್ಳಿ. ಟೇಬಲ್‌ನಲ್ಲಿ ನಾಲ್ಕು ಜನ ಮಾತಾಡುತ್ತಿರುವಾಗ, ಮಂದ ಬೆಳಕಿನಲ್ಲಿ, ವೇಟರ್ ಪಕ್ಕದಲ್ಲೇ ನಿಂತಿರುವಾಗ ನಲವತ್ತು ಪುಟ ಓದಲು ಆಗುವುದಿಲ್ಲ. ಲಿಸ್ಟ್‌ನ ಮೇಲೆ ತಾರೀಕು ಇದೆಯಾ ನೋಡಿ. ಇತ್ತೀಚೆಗೆ ತಿದ್ದಿದ ಲಿಸ್ಟ್ ಎಂದರೆ ಅದನ್ನು ನೋಡಿಕೊಳ್ಳುವವರು ಇದ್ದಾರೆ ಎಂದರ್ಥ. ತಯಾರಕರ ಹೆಸರುಗಳಲ್ಲಿ ಕಾಗುಣಿತದ ತಪ್ಪು ಒಂದೆರಡಿದ್ದರೆ ಬಿಟ್ಟುಬಿಡಿ. ಪುಟಕ್ಕೆ ಐದಾರಿದ್ದರೆ ಆ ಬಾಟಲಿಯ ಲೇಬಲ್ಲನ್ನು ಯಾರೂ ಕಣ್ಣೆತ್ತಿ ನೋಡಿಲ್ಲ.

ಒಂದು ಸಾಲನ್ನು ಬಿಡಿಸಿ ನೋಡಿ

ಪೂರ್ತಿ ಲಿಸ್ಟ್ ಓದುವ ಮೊದಲು ಒಂದೇ ಒಂದು ಸಾಲನ್ನು ಸರಿಯಾಗಿ ಓದಿ. ‘ಕ್ಯಾಬರ್ನೆ ಸೊವಿನ್ಯೊನ್, ಕ್ಯಾಲಿಫೋರ್ನಿಯಾ’ ಎಂದು ದ್ರಾಕ್ಷಿ ತಳಿ ಮತ್ತು ರಾಜ್ಯದ ಹೆಸರನ್ನಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ದ್ರಾಕ್ಷಿ ಆ ರಾಜ್ಯದ ಯಾವ ಮೂಲೆಯಿಂದ ಬೇಕಾದರೂ ಬಂದಿರಬಹುದು. ‘ರಿಡ್ಜ್, ಮಾಂಟೆ ಬೆಲ್ಲೊ, ಸಾಂತಾ ಕ್ರೂಜ್ ಮೌಂಟನ್ಸ್, 2015’ ಎಂದಿದ್ದರೆ ಮಾಡಿದವರು ಯಾರು, ತೋಟ ಯಾವುದು, ಜಾಗ ಎಲ್ಲಿ, ಯಾವ ವರ್ಷದ ಕೊಯ್ಲು, ನಾಲ್ಕೂ ಗೊತ್ತಾಗುತ್ತದೆ. ಒಳ್ಳೆಯ ಲಿಸ್ಟ್‌ನಲ್ಲಿ ಪ್ರತಿ ಸಾಲೂ ಹೀಗೇ ಇರುತ್ತದೆ.

ಜಾಗದ ಹೆಸರಿಗೆ ಬೆಲೆ ಇದೆ. ಅಮೆರಿಕದ ಕಾನೂನಿನ ಪ್ರಕಾರ ಲೇಬಲ್ ಮೇಲೆ ಕ್ಯಾಲಿಫೋರ್ನಿಯಾದ ವೈನ್ ಪ್ರದೇಶ ‘ನಾಪಾ ವ್ಯಾಲಿ’ಯ ಹೆಸರು ಹಾಕಬೇಕಾದರೆ ಕನಿಷ್ಠ 85% ದ್ರಾಕ್ಷಿ ಅಲ್ಲಿನದ್ದೇ ಆಗಿರಬೇಕು. ತಳಿಯ ಹೆಸರು ಹಾಕಬೇಕಾದರೆ ಆ ತಳಿ ಕನಿಷ್ಠ 75% ಇರಬೇಕು. ಆದರೆ ‘ರಿಸರ್ವ್’ ಎಂಬ ಪದಕ್ಕೆ ಅಲ್ಲಿ ಕಾನೂನಿನ ಅರ್ಥವೇ ಇಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಸ್ಪೇನ್‌ನ ರಿಯೋಹಾದಲ್ಲಿ ಕಥೆ ಬೇರೆ. ಅಲ್ಲಿ ಕೆಂಪು ವೈನ್ ಪೀಪಾಯಿ, ಬಾಟಲಿಗಳಲ್ಲಿ ಕೂತು ಒಟ್ಟು 3 ವರ್ಷ ಹಣ್ಣಾದರೆ ಮಾತ್ರ ‘ರೆಸೆರ್ವಾ’, 5 ವರ್ಷವಾದರೆ ‘ಗ್ರಾನ್ ರೆಸೆರ್ವಾ’. ಹಾಗಾಗಿ ಕ್ಯಾಲಿಫೋರ್ನಿಯಾದ ‘ರಿಸರ್ವ್’ ನೋಡಿ ಜಾಸ್ತಿ ದುಡ್ಡು ಕೊಡಲು ಮನಸ್ಸಾದರೆ ಒಂದು ಕ್ಷಣ ತಡೆಯಿರಿ.

ಫ್ರಾನ್ಸ್‌ನ ಬರ್ಗಂಡಿ ಪ್ರದೇಶದ ವೈನ್‌ಗೆ ತಯಾರಕರ ಹೆಸರು ಇಲ್ಲದಿದ್ದರಂತೂ ಆ ಸಾಲು ದಂಡ. ಅಲ್ಲಿನ ಕ್ಲೋ ದ ವೂಜೋ ತೋಟವನ್ನೇ ನೋಡಿ. ಸುಮಾರು 50 ಹೆಕ್ಟೇರ್ ಜಾಗ, ಅದಕ್ಕೆ ಸುಮಾರು 80 ಜನ ಒಡೆಯರು. ಎಲ್ಲರ ಲೇಬಲ್ ಮೇಲೂ ತೋಟದ ಹೆಸರು ಒಂದೇ. ಆದರೆ ಒಳಗಿನ ವೈನ್ ಅದ್ಭುತವಾಗಿರಬಹುದು, ಪೇಲವವೂ ಆಗಿರಬಹುದು.

ಇನ್ನು ವರ್ಷ. ‘ಈಗ ಲಭ್ಯವಿರುವ ವರ್ಷ’ ಎಂದು ಬರೆದು ಕೈತೊಳೆದುಕೊಳ್ಳುವ ಲಿಸ್ಟ್‌ಗಳಿವೆ. ಅಗ್ಗದ ವೈನ್‌ಗೆ ಅದು ನಡೆಯುತ್ತದೆ, ದುಬಾರಿಯದಕ್ಕೆ ನಡೆಯುವುದಿಲ್ಲ. ಫ್ರಾನ್ಸ್‌ನದ್ದೇ ಇನ್ನೊಂದು ವೈನ್ ಪ್ರದೇಶ ಬೋರ್ಡೊದಲ್ಲಿ 2016 ಬಹಳ ಒಳ್ಳೆಯ ವರ್ಷ. 2013 ಚಳಿ ಮಳೆಯಿಂದ ಸೊರಗಿದ ವರ್ಷ. ನಾಪಾದಲ್ಲಿ 2020ರ ಕಾಡ್ಗಿಚ್ಚಿನ ಹೊಗೆ ದ್ರಾಕ್ಷಿಗೆ ತಾಗಿ, ಆ ವರ್ಷ ಕೆಂಪು ವೈನ್ ಮಾಡುವುದನ್ನೇ ಹಲವರು ಬಿಟ್ಟರು. 2013 ಮತ್ತು 2016ರ ಬಾಟಲಿಗಳಿಗೆ ಒಂದೇ ಬೆಲೆ ಹಾಕಿದ್ದರೆ ಬೆಲೆ ಹಾಕಿದವರಿಗೆ ವ್ಯತ್ಯಾಸ ಗೊತ್ತಿಲ್ಲ, ಅಥವಾ ನಿಮಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಹಾಗೆಂದು ಸಾಧಾರಣ ವರ್ಷದ ವೈನ್ ಇಟ್ಟವರೆಲ್ಲ ದಡ್ಡರಲ್ಲ. ಬೋರ್ಡೊದ 2014ರಂಥ ವರ್ಷದ ವೈನ್ ಬೇಗ ಕುಡಿಯಲು ಸಿದ್ಧವಾಗುತ್ತದೆ, ಬೆಲೆಯೂ ಕಡಿಮೆ. ಅದನ್ನು ಹುಡುಕಿ ತಂದು ಕಡಿಮೆ ಬೆಲೆಗೇ ಕೊಡುವವರ ಮೇಲೆ ನನಗೆ ಗೌರವ ಜಾಸ್ತಿ.

ಕ್ಯಾಬರ್ನೆ ಬಿಟ್ಟು ಏನಿದೆ?

ಸ್ಟೇಕ್ ಎಂದರೆ ಕ್ಯಾಬರ್ನೆ ಎನ್ನುವುದು ಸುಮ್ನೆ ಹುಟ್ಟಿದ ಮಾತಲ್ಲ. ಆ ದ್ರಾಕ್ಷಿಯ ದಪ್ಪ ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರು ತುಂಬಿರುತ್ತದೆ. ಅದು ನಮ್ಮ ಎಂಜಲಿನ ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದ, ಹಾಲು ಹಾಕದ ಗಟ್ಟಿ ಚಹಾ ಕುಡಿದ ಹಾಗೆ ನಾಲಿಗೆ ಒಣಗುತ್ತದೆ. ಜೊತೆಗೆ ಮಾಂಸದ ತುಂಡು ಬಾಯಿಗೆ ಬಂದರೆ ಟ್ಯಾನಿನ್ ಅದರ ಪ್ರೋಟೀನ್ ಮತ್ತು ಕೊಬ್ಬಿನ ಕಡೆ ತಿರುಗುತ್ತದೆ. ಉಪ್ಪೂ ಒಗರನ್ನು ತಗ್ಗಿಸುತ್ತದೆ. ವೈನ್ ಮೆತ್ತಗಾಗುತ್ತದೆ, ಬಾಯಿಯ ಜಿಡ್ಡೂ ಹೋಗುತ್ತದೆ.

ಆದರೆ ಇದು ರಿಬೈನಂಥ ಕೊಬ್ಬಿನ ತುಂಡಿಗೆ ಸರಿ. ಫಿಲೆ ಎಂಬ ಟೆಂಡರ್‌ಲಾಯಿನ್ ತುಂಡಿನಲ್ಲಿ ಕೊಬ್ಬು ಕಡಿಮೆ, ರುಚಿಯೂ ಸೌಮ್ಯ. ಅದರ ಮುಂದೆ ಎಳೆಯ ನಾಪಾ ಕ್ಯಾಬರ್ನೆ ಇಟ್ಟರೆ ಬಾಯಲ್ಲಿ ಬರೀ ವೈನ್ ಉಳಿಯುತ್ತದೆ, ಮಾಂಸ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಅಲ್ಲಿ ಬೇಕಾದದ್ದು ಒಗರು ಕಡಿಮೆಯ ದ್ರಾಕ್ಷಿ ಪಿನೋ ನುವಾರ್, ಅಥವಾ ಮೆರ್ಲೊ ಎಂಬ ಮೆತ್ತನೆಯ ತಳಿ ಹೆಚ್ಚಿರುವ ಸಾಂತೆಮಿಲಿಯೋಂ, ಪೊಮರಾಲ್ ಕಡೆಯ ಬೋರ್ಡೊ. ಕಾಳುಮೆಣಸಿನ ಸಾಸ್ ಇದ್ದರೆ 15% ಆಲ್ಕೋಹಾಲ್ ಇರುವ ವೈನ್ ಖಾರವನ್ನು ಇನ್ನಷ್ಟು ಉರಿಸುತ್ತದೆ. ಅದಕ್ಕೆ ಫ್ರಾನ್ಸ್‌ನ ಉತ್ತರ ರೋನ್ ಕಣಿವೆಯ ಸಿರಾ ಎಂಬ ತಳಿ ಚೆನ್ನ. ಕ್ರೋಜ್-ಹರ್ಮಿಟಾಜ್, ಸಾಂ ಜೋಸೆಫ್, ಕೋರ್ನಾಸ್ ಎಂಬ ಹೆಸರುಗಳನ್ನು ಹುಡುಕಿ. ಆ ವೈನ್‌ನಲ್ಲೇ ಮೆಣಸಿನ ಘಮ ಇರುತ್ತದೆ.

ಅಡುಗೆಮನೆ ಐದಾರು ಬಗೆಯ ತುಂಡು, ನಾಲ್ಕು ಸಾಸ್ ಕೊಡುತ್ತಿರುವಾಗ ಲಿಸ್ಟ್‌ನಲ್ಲಿ ಅರವತ್ತು ಕ್ಯಾಬರ್ನೆ, ಉಳಿದದ್ದೆಲ್ಲ ಸೇರಿ ಹತ್ತು ಎಂದರೆ ಅದು ತೋರಿಕೆಯ ಲಿಸ್ಟ್. ನಾನು ಮೊದಲು ತಿರುಗಿಸುವುದು ಕ್ಯಾಬರ್ನೆ ಮುಗಿದ ಮೇಲಿನ ಪುಟಗಳನ್ನು. ಅರ್ಜೆಂಟೀನಾದ ಮೆಂಡೋಝಾದಿಂದ ಬಂದ ಮಾಲ್ಬೆಕ್ ಒಂದಲ್ಲ, ಎರಡು ಮೂರು ಬಗೆಯದು ಇದೆಯಾ? ರಿಯೋಹಾ ಇದೆಯಾ? ಇಟಲಿಯ ಬರೋಲೊ, ಕಿಯಾಂಟಿ ಕ್ಲಾಸಿಕೊ? ಪೋರ್ಚುಗಲ್‌ನ ದೋರು ಅಥವಾ ಗ್ರೀಸ್‌ನ ನೌಸಾ ಕಂಡರೆ ಅಲ್ಲಿ ಯಾರೋ ಕುತೂಹಲದ ಮನುಷ್ಯರಿದ್ದಾರೆ. ಇವು ಎಲ್ಲವೂ ಇರಲೇಬೇಕೆಂದಿಲ್ಲ. ಆದರೆ ನಡುವಿನ ಬೆಲೆಯಲ್ಲಿ, ಬೇರೆ ಬೇರೆ ಸ್ವಭಾವದ, ಮಾಂಸಕ್ಕೆ ಒಗ್ಗುವ ಹತ್ತು ಹನ್ನೆರಡು ಕೆಂಪು ವೈನ್ ಸಿಗಬೇಕು. ಸಿಕ್ಕರೆ ಈ ಲಿಸ್ಟ್ ಪಾಸು.

ಬಿಳಿ ವೈನ್ ಪುಟದ ಮೇಲೂ ಒಮ್ಮೆ ಕಣ್ಣಾಡಿಸಿ. ಊಟ ಶುರುವಾಗುವುದು ಸಿಂಪಿ, ಸಿಗಡಿಗಳಿಂದ ಅಲ್ವಾ? ಓಕ್ ಪೀಪಾಯಿಯ ವಾಸನೆ ತುಂಬಿದ ಶಾರ್ಡನೇಗಳೇ ಇದ್ದು, ಹುಳಿ ಚುರುಕಾದ ಒಂದು ಶಬ್ಲಿಯೋ ಮುಸ್ಕಾದೆಯೋ ಇಲ್ಲದಿದ್ದರೆ ಬಿಳಿ ವೈನ್ ಬಗ್ಗೆ ಅವರು ತಲೆ ಕೆಡಿಸಿಕೊಂಡಿಲ್ಲ.

ಹಣ್ಣಾದ ಬಾಟಲಿಗಳು

ಲಿಸ್ಟ್‌ನಲ್ಲಿ ಎಲ್ಲವೂ ಕಳೆದ ಎರಡು ಮೂರು ವರ್ಷದ ಕೊಯ್ಲೇ ಆಗಿದ್ದರೆ ಅವರ ಹತ್ತಿರ ನೆಲಮಾಳಿಗೆ ಇಲ್ಲ, ಉಗ್ರಾಣ ಮಾತ್ರ ಇದೆ. ಬರೋಲೊ ಮಾರುಕಟ್ಟೆಗೆ ಬರುವ ಮೊದಲೇ 38 ತಿಂಗಳು ಹಣ್ಣಾಗಬೇಕೆಂಬ ನಿಯಮ ಇದೆ, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಆಗಲೂ ಅದರ ಒಗರು ಇಳಿದಿರುವುದಿಲ್ಲ. ಪೊಯಾಕ್ ಕಡೆಯ ಬೋರ್ಡೊವೂ ಹಾಗೇ. ಹತ್ತು ಹದಿನೈದು ವರ್ಷದ ಬಾಟಲಿಗಳು ನಾಲ್ಕಾರಾದರೂ ಇದ್ದರೆ, ಮುಂದಾಲೋಚನೆಯಿಂದ ಕೊಂಡು ಇಟ್ಟವರು ಇದ್ದಾರೆ ಎನ್ನಬಹುದು. ಕಡಿಮೆ ದುಡ್ಡಿನಲ್ಲಿ ವಯಸ್ಸಾದ ವೈನ್ ಬೇಕೆಂದರೆ ರಿಯೋಹಾ ಗ್ರಾನ್ ರೆಸೆರ್ವಾ ನೋಡಿ. ತಯಾರಕರೇ ಇಟ್ಟು ಹಣ್ಣು ಮಾಡಿ ಕೊಡುತ್ತಾರೆ.

ಇದರ ಇನ್ನೊಂದು ತುದಿ ನೋಡಬೇಕೆಂದರೆ ಅಮೆರಿಕದ ಟ್ಯಾಂಪಾದಲ್ಲಿ 1956ರಲ್ಲಿ ಶುರುವಾದ ಬರ್ನ್ಸ್ ಸ್ಟೇಕ್‌ಹೌಸ್ ಇದೆ. ಅವರ ಸಂಗ್ರಹ ಐದು ಲಕ್ಷ ಬಾಟಲಿ ದಾಟಿದೆಯಂತೆ. ಅದನ್ನು ಅಳತೆಗೋಲು ಮಾಡಿಕೊಂಡರೆ ಬೇರೆ ಯಾರೂ ಪಾಸಾಗುವುದಿಲ್ಲ, ಬಿಡಿ. ನೂರೇ ಬಾಟಲಿ ಇರುವ ಚೊಕ್ಕ ಲಿಸ್ಟ್ ಸಾವಿರದ ಲಿಸ್ಟ್‌ಗಿಂತ ಎಷ್ಟೋ ಸಲ ಮೇಲು.

ಹಳೆಯ ಬಾಟಲಿ ಇದ್ದರೆ ಸಾಲದು, ಇಟ್ಟ ಜಾಗವೂ ಸರಿಯಿರಬೇಕು. ವೈನ್‌ಗೆ 12ರಿಂದ 14 ಡಿಗ್ರಿಯ ತಂಪು, ಕತ್ತಲು ಬೇಕು. ಗ್ರಿಲ್‌ನ ಶಾಖ ತಾಗುವ ಗೋಡೆಗೆ, ದೀಪದ ಕೆಳಗೆ ಅಲಂಕಾರಕ್ಕೆ ಜೋಡಿಸಿದ ಬಾಟಲಿಗಳು ಕಂಡರೆ ಹುಷಾರು. ಗಾಜಿನ ಕೋಣೆಯಾಗಿದ್ದರೆ ಅದು ತಣ್ಣಗಿದೆಯಾ ಎಂದು ಕೇಳಿದರೆ ತಪ್ಪಿಲ್ಲ.

ಬೆಲೆಯ ಲೆಕ್ಕ

ನಿಮಗೆ ಗೊತ್ತಿರುವ ಮೂರು ಬಾಟಲಿ ಆರಿಸಿಕೊಳ್ಳಿ. ಒಂದು ಅಗ್ಗದ್ದು, ಒಂದು ನಡುವಿನದು, ಒಂದು ದುಬಾರಿ. ವೈನ್-ಸರ್ಚರ್ ಥರದ ತಾಣದಲ್ಲಿ ಅವುಗಳ ಅಂಗಡಿ ಬೆಲೆ ನೋಡಿ, ಲಿಸ್ಟ್‌ನ ಬೆಲೆಯನ್ನು ಅದರಿಂದ ಭಾಗಿಸಿ. ಅದೇ ವೈನ್, ಅದೇ ವರ್ಷದ್ದೇ ಆಗಿರಲಿ. ಎರಡರಿಂದ ಎರಡೂವರೆ ಪಟ್ಟು ಬಂದರೆ ಮಾಮೂಲು. ಒಳ್ಳೆಯ ಗ್ಲಾಸು, ಕೆಲಸದವರ ಸಂಬಳ, ವರ್ಷಗಟ್ಟಲೆ ಬಾಟಲಿ ಕಾಯ್ದ ಖರ್ಚು ಎಲ್ಲ ಅದರಲ್ಲೇ ಬರಬೇಕು. ಮೂರು ಪಟ್ಟು ದಾಟಿದರೆ ದುಬಾರಿ. ನಾಲ್ಕು ಪಟ್ಟಾದರೆ ಬಿಯರ್ ಹೇಳಿ.

ಮೂರೂ ಬಾಟಲಿಗೆ ಒಂದೇ ಪಟ್ಟು ಬರುತ್ತದಾ ಎನ್ನುವುದು ಇನ್ನೂ ಮುಖ್ಯ. ನ್ಯಾಯವಾದ ಲಿಸ್ಟ್‌ನಲ್ಲಿ ಬಾಟಲಿ ದುಬಾರಿಯಾದಷ್ಟೂ ಪಟ್ಟು ಇಳಿಯುತ್ತದೆ. ಬಾಟಲಿ ತೆರೆದು ಬಗ್ಗಿಸುವ ಕೆಲಸ ಎರಡಕ್ಕೂ ಒಂದೇ ತಾನೇ? ಅಗ್ಗದ್ದಕ್ಕೂ ದುಬಾರಿಯದಕ್ಕೂ ಒಂದೇ ಮೂರು ಪಟ್ಟು ಹಾಕಿದ್ದರೆ ದುಬಾರಿ ಪುಟ ಮುಟ್ಟಲೇಬೇಡಿ.

ಕೆಳಗಿನಿಂದ ಎರಡನೆಯ ವೈನ್‌ನಲ್ಲೇ ಜಾಸ್ತಿ ಸುಲಿಗೆ ಎಂಬ ನಂಬಿಕೆ ಬಹಳ ಹಳೆಯದು. ಡೇವಿಡ್ ಡಿ ಮೆಝಾ ಮತ್ತು ವಿಕ್ರಮ್ ಪಥಾನಿಯಾ ಎಂಬ ಅರ್ಥಶಾಸ್ತ್ರಜ್ಞರು ಲಂಡನ್‌ನ ಇನ್ನೂರಕ್ಕೂ ಹೆಚ್ಚು ರೆಸ್ಟೋರೆಂಟ್‌ಗಳ ಲಿಸ್ಟ್ ಲೆಕ್ಕ ಹಾಕಿ 2021ರಲ್ಲಿ ಬೇರೆಯದನ್ನೇ ಹೇಳಿದರು. ಲಾಭದ ಪಾಲು ಹೆಚ್ಚು ಇದ್ದದ್ದು ಲಿಸ್ಟ್‌ನ ನಡುಭಾಗದಲ್ಲಿ. ಅಂದರೆ ಒಳ್ಳೆಯ ಆಯ್ಕೆ ಹುಡುಕಬೇಕಾದ ಜಾಗದಲ್ಲೇ ಕೈಸುಡುವ ಅಪಾಯವೂ ಇದೆ. ಆದ್ದರಿಂದ ಪಟ್ಟು ಲೆಕ್ಕ ಹಾಕುವಾಗ ಒಂದೇ ಬಾಟಲಿಗೆ ಸಮಯ ಇದ್ದರೆ ನಡುವಿನದನ್ನೇ ನೋಡಿ.

ಓಪಸ್ ಒನ್, ಸಿಲ್ವರ್ ಓಕ್‌ನಂಥ ಕ್ಯಾಲಿಫೋರ್ನಿಯಾದ ಹೆಸರುಗಳು ವೈನ್ ಕುಡಿಯುವವರಿಗೆಲ್ಲ ಗೊತ್ತು. ಕೇಳುವವರು ಕೇಳೇ ಕೇಳುತ್ತಾರೆ, ಬೆಲೆ ಇಳಿಸಲು ಮಾಲೀಕರಿಗೆ ಕಾರಣವೇ ಇಲ್ಲ. ದೊಡ್ಡ ಬೋರ್ಡೊ ಮನೆತನದ ಕೈರುಚಿ ಬೇಕಿದ್ದರೆ ಅವರ ಎರಡನೇ ವೈನ್, ಅಂದರೆ ಅದೇ ಮನೆತನ ಮುಖ್ಯ ವೈನ್‌ಗಿಂತ ಕಡಿಮೆ ಬೆಲೆಗೆ ಮಾಡುವ ಇನ್ನೊಂದು ವೈನ್ ಹುಡುಕಿ. ಲಾತೂರ್‌ನವರದು ‘ಲೆ ಫೋರ್ ದ ಲಾತೂರ್’, ಲಾಫಿತ್‌ನವರದು ‘ಕಾರುವಾದ್’. ಇವೂ ಅಗ್ಗವಲ್ಲ, ಆದರೆ ಮೊದಲಿನದಕ್ಕಿಂತ ಎಷ್ಟೋ ಕಡಿಮೆ. ಅಷ್ಟು ಹೆಸರಿಲ್ಲದ ಮನೆತನಗಳ ಎರಡನೇ ವೈನ್ ಇನ್ನೂ ಕೈಗೆಟುಕುತ್ತದೆ.

ಗ್ಲಾಸ್ ಲೆಕ್ಕದ ವೈನ್

750 ಮಿಲೀ ಬಾಟಲಿಯಲ್ಲಿ 150 ಮಿಲೀಯ ಐದು ಗ್ಲಾಸ್ ಬರುತ್ತದೆ. ಒಂದೇ ಗ್ಲಾಸ್ ಮಾರಿದರೆ ಪೂರ್ತಿ ಬಾಟಲಿಯ ಖರೀದಿ ದುಡ್ಡು ವಾಪಸ್ ಬರುವ ಹಾಗೆ ಬೆಲೆ ಇಡುವುದು ಈ ವ್ಯಾಪಾರದ ವಾಡಿಕೆ. ಮೂರು ಜನ ಅದೇ ವೈನ್ ಕುಡಿಯುವುದಾದರೆ ಬಾಟಲಿಯ ಬೆಲೆ ಜೊತೆ ಹೋಲಿಸಿ ನೋಡಿ. ಒಬ್ಬರೇ ಇದ್ದರೆ 375 ಮಿಲೀಯ ಅರ್ಧ ಬಾಟಲಿ ಇದೆಯಾ ಕೇಳಿ.

ಗ್ಲಾಸ್ ವೈನ್‌ನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ: “ಈ ಬಾಟಲಿ ಯಾವಾಗ ತೆರೆದದ್ದು?” ಇವತ್ತು ಅಥವಾ ನಿನ್ನೆ ಎಂದರೆ ಸರಿ. ಉತ್ತರ ತಡವರಿಸಿದರೆ ಬೇಡ. 2013ರಲ್ಲಿ ಬಂದ ಕೊರಾವಿನ್ ಎಂಬ ಸಾಧನ ಇಟ್ಟವರು ಕಾರ್ಕ್ ತೆಗೆಯದೆಯೇ ಸೂಜಿ ಚುಚ್ಚಿ ವೈನ್ ಬಗ್ಗಿಸುತ್ತಾರೆ. ಖಾಲಿಯಾದ ಜಾಗಕ್ಕೆ ಆರ್ಗಾನ್ ಅನಿಲ ತುಂಬುವುದರಿಂದ ಉಳಿದ ವೈನ್ ಬೇಗ ಕೆಡುವುದಿಲ್ಲ. ದುಬಾರಿ ವೈನ್‌ನ ಒಂದೇ ಗ್ಲಾಸ್ ರುಚಿ ನೋಡಲು ಇದು ಒಳ್ಳೆಯ ದಾರಿ.

ಗೋಡೆಯ ಮೇಲಿನ ಪ್ರಶಸ್ತಿ

ನೋಡಿ ಖುಷಿಪಡಿ, ಅಷ್ಟೇ. 2008ರಲ್ಲಿ ರಾಬಿನ್ ಗೋಲ್ಡ್‌ಸ್ಟೈನ್ ಎಂಬ ವಿಮರ್ಶಕ ಇಟಲಿಯ ಮಿಲಾನ್‌ನಲ್ಲಿ ಇಲ್ಲದೇ ಇರುವ ಒಂದು ರೆಸ್ಟೋರೆಂಟ್ ಹೆಸರಿನಲ್ಲಿ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆಗೆ ಲಿಸ್ಟ್ ಕಳಿಸಿ, ಶುಲ್ಕ ಕಟ್ಟಿದರು. ಪತ್ರಿಕೆಯ ಮೂರು ದರ್ಜೆಗಳಲ್ಲಿ ಮೊದಲ ಮೆಟ್ಟಿಲಿನ ಪ್ರಶಸ್ತಿ ಬಂದೇಬಿಟ್ಟಿತು. ಅವರು ಕಳಿಸಿದ ‘ರಿಸರ್ವ್’ ಪಟ್ಟಿಯಲ್ಲಿ ಅದೇ ಪತ್ರಿಕೆ ಕಡಿಮೆ ಅಂಕ ಕೊಟ್ಟಿದ್ದ ವೈನ್‌ಗಳಿದ್ದವು.

ಸೊಮೆಲಿಯೇಗೆ ಒಂದು ಪ್ರಶ್ನೆ

ಸೊಮೆಲಿಯೇ ಎಂದರೆ ರೆಸ್ಟೋರೆಂಟ್‌ನಲ್ಲಿ ವೈನ್ ನೋಡಿಕೊಳ್ಳುವ ಪರಿಣತರು. ಅವರನ್ನು “ಯಾವುದು ಚೆನ್ನಾಗಿದೆ?” ಎಂದು ಕೇಳಬೇಡಿ. ಎಲ್ಲವೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಹೀಗೆ ಕೇಳಿ: “ಈ ಲಿಸ್ಟ್‌ನಲ್ಲಿ ಜನ ಜಾಸ್ತಿ ಕೇಳದ, ಆದರೆ ನಿಮಗೆ ಇಷ್ಟವಾದ ರೆಡ್ ಯಾವುದು?” ಕೇಳುವಾಗ ನಿಮ್ಮ ಬಜೆಟ್‌ಗೆ ಹತ್ತಿರದ ಒಂದು ಬೆಲೆಯ ಮೇಲೆ ಬೆರಳಿಟ್ಟು “ಇಷ್ಟರ ಆಸುಪಾಸಿನಲ್ಲಿ” ಎನ್ನಿ. ಜೊತೆಗಿರುವವರ ಎದುರು ಮೊತ್ತ ಬಾಯಿಬಿಟ್ಟು ಹೇಳುವ ಮುಜುಗರ ತಪ್ಪುತ್ತದೆ.

ಒಳ್ಳೆಯ ಸೊಮೆಲಿಯೇ ಉತ್ತರಿಸುವ ಮೊದಲು ನಿಮ್ಮನ್ನೇ ಕೇಳುತ್ತಾರೆ: “ಯಾವ ತುಂಡು ಹೇಳ್ತಿದ್ದೀರಿ? ಎಷ್ಟು ಬೇಯಿಸಬೇಕು? ಒಗರು ಇಷ್ಟವಾಗುತ್ತದಾ?” ಅವರ ಕಣ್ಣಲ್ಲಿ ಉತ್ಸಾಹ ಕಾಣುತ್ತದೆ. ಬೆರಳಿಟ್ಟ ಬೆಲೆಗಿಂತ ಕಡಿಮೆಯದನ್ನು ತೋರಿಸಿದರಂತೂ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ಏನೂ ಕೇಳದೆ ನೇರವಾಗಿ ಎರಡು ಪಟ್ಟು ಬೆಲೆಯ ನಾಪಾ ಕ್ಯಾಬರ್ನೆ ಕಡೆ ಕೈ ತೋರಿಸಿದರೆ ನಗುತ್ತಾ ಲಿಸ್ಟ್ ವಾಪಸ್ ತೆಗೆದುಕೊಂಡು, ನೀವೇ ಆರಿಸಿ.

ಬಾಟಲಿ ಟೇಬಲ್‌ಗೆ ಬಂದಾಗ

ಲಿಸ್ಟ್‌ನ ಪರೀಕ್ಷೆ ಇಲ್ಲಿಗೆ ಬಂದು ಮುಗಿಯುತ್ತದೆ. ಲೇಬಲ್ ತೋರಿಸಿದಾಗ ಸುಮ್ನೆ ತಲೆಯಾಡಿಸಬೇಡಿ, ವರ್ಷ ಓದಿ. ಲಿಸ್ಟ್‌ನಲ್ಲಿ 2016 ಇದ್ದು ಬಾಟಲಿ 2018 ಆಗಿರುವುದು ಅಪರೂಪವೇನಲ್ಲ. ಕೇಳುವ ಮೊದಲೇ “ವರ್ಷ ಬದಲಾಗಿದೆ, ಪರವಾಗಿಲ್ಲವಾ?” ಎಂದು ಅವರೇ ಹೇಳಿದರೆ ಒಳ್ಳೆಯ ಜಾಗ. ಹೇಳದೆ ತೆರೆಯಲು ಹೊರಟರೆ ತಡೆಯಿರಿ.

ಬಗ್ಗಿಸಿದ ಗುಟುಕನ್ನು ಮೊದಲು ಮೂಸಿ. ಕಾರ್ಕ್ ಮೂಸಿ ಪ್ರಯೋಜನವಿಲ್ಲ, ಗ್ಲಾಸ್ ಮೂಸಿ. ನೆನೆದ ರಟ್ಟಿನ ಹಾಗೆ ಮುಗ್ಗಲು ವಾಸನೆ ಬಂದು, ಹಣ್ಣಿನ ಘಮವೇ ಇಲ್ಲದಿದ್ದರೆ ಅದು ಟಿಸಿಎ ಎಂಬ ರಾಸಾಯನಿಕದ ಕೆಲಸ. ಆರೋಗ್ಯಕ್ಕೆ ತೊಂದರೆ ಇಲ್ಲ, ಆದರೆ ವೈನ್ ಸತ್ತಂತೆ. ಧೈರ್ಯವಾಗಿ ವಾಪಸ್ ಕಳಿಸಿ. ತಕರಾರಿಲ್ಲದೆ ಬೇರೆ ಬಾಟಲಿ ತರುವುದು ಅವರ ಕರ್ತವ್ಯ. ರುಚಿ ಇಷ್ಟವಾಗಲಿಲ್ಲ ಎಂದಷ್ಟೇ ವಾಪಸ್ ಕಳಿಸುವುದು ಮಾತ್ರ ಸರಿಯಲ್ಲ, ಅವರೇ ಒತ್ತಾಯಿಸಿ ಕೊಡಿಸಿದ್ದರೆ ಬೇರೆ ಮಾತು.

ಕೆಂಪು ವೈನ್ 16ರಿಂದ 18 ಡಿಗ್ರಿಯಲ್ಲಿ ಚೆನ್ನ. ಬಾಟಲಿ ಮುಟ್ಟಿದರೆ ಕೈಗೆ ತಂಪು ತಾಗಬೇಕು. ಬೆಚ್ಚಗಿದ್ದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಹತ್ತು ನಿಮಿಷ ಐಸ್ ಬಕೆಟ್‌ನಲ್ಲಿಡಿ ಎಂದು ಹೇಳಲು ಸಂಕೋಚ ಬೇಡ. ಎರಡನೇ ಬಾಟಲಿ ಬೇಕಿದ್ದರೆ ಮೊದಲಿನದು ಖಾಲಿಯಾಗುವ ಮೊದಲೇ ಹೇಳಿ, ತಣಿಸಲು, ಡಿಕ್ಯಾಂಟರ್ ಎಂಬ ಅಗಲ ತಳದ ಗಾಜಿನ ಹೂಜಿಗೆ ಬಗ್ಗಿಸಲು ಹೊತ್ತು ಬೇಕು. ಅದೇ ವೈನ್ ಆದರೂ ಬೇರೆ ಗ್ಲಾಸ್‌ನಲ್ಲಿ ಒಂದು ಗುಟುಕು ಹಾಕಿಸಿಕೊಂಡು ರುಚಿ ನೋಡಿ. ಕಾರ್ಕ್‌ನ ದೋಷ ಒಂದು ಬಾಟಲಿಯಲ್ಲಿ ಇದ್ದು ಪಕ್ಕದ್ದರಲ್ಲಿ ಇಲ್ಲದೇ ಇರಬಹುದು. ನೋಡದೆ ಎಲ್ಲರ ಗ್ಲಾಸ್‌ಗೂ ಬಗ್ಗಿಸಿಬಿಟ್ಟರೆ ಉಳಿದಿರುವ ಒಳ್ಳೆಯ ವೈನೂ ಅದರ ಜೊತೆ ಹಾಳು.